ಹಬ್ಬದ ಹಿಂದಿನ ದಿನ ಕೇಳಿ: ನಿಮ್ಮೂರಿನ ಹಳೇ ದಿನಗಳನ್ನು ಬರೆದಿಡುವುದು ಹೇಗೆ

ನಿಮ್ಮೂರಿನ ಯಾರಾದರೂ ಹಿರಿಯರ ಹತ್ತಿರ ಹೋಗಿ "ಹಿಂದೆ ಹಬ್ಬ ಹೆಂಗ ಮಾಡ್ತಿದ್ರಿ?" ಅಂತ ಕೇಳಿ ನೋಡಿ. "ಏ ತಮ್ಮಾ, ಆಗಿನ ಹಬ್ಬ ಏನ್ ಕೇಳ್ತೀಪಾ, ಈಗೇನೈತಿ ಮಣ್ಣು" ಅನ್ನುತ್ತಾರೆ. ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಇದನ್ನೇ ಹೇಳುತ್ತಾರೆ. ಹೋಳಿಗೆ ಮಾಡ್ತಿದ್ವಿ, ಎತ್ತು ತೊಳೀತಿದ್ವಿ, ಎಲ್ಲಾರೂ ಕೂಡಿ ಇರ್ತಿದ್ವಿ, ಮುಗೀತು. ನಾನು ಮೊದಲ ಸಲ ನಮ್ಮೂರಿನ ಬಗ್ಗೆ ಬರೆಯಲು ಕೂತಾಗ ನಲವತ್ತು ಪುಟ ಹೀಗೇ ತುಂಬಿಸಿದ್ದೆ. ಓದಿ ನೋಡಿದರೆ ಅದರಲ್ಲಿ ನಮ್ಮೂರೇ ಇರಲಿಲ್ಲ. ಊರ ಹೆಸರು ಹೊಡೆದು ಹಾಕಿ ಪಕ್ಕದೂರಿನ ಹೆಸರು ಬರೆದರೂ ನಡೆಯುತ್ತಿತ್ತು.

ನಮ್ಮೂರು ಗದಗ ಜಿಲ್ಲೆ, ಶಿರಹಟ್ಟಿ ಕಡೆ. ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ರವಿವಾರ ಬಸ್ ಹತ್ತಿ ಹೋಗಿ, ಕೇಳಿ, ಬರೆದುಕೊಂಡು ಬರುವ ಹುಚ್ಚು ಕೆಲವು ವರ್ಷಗಳಿಂದ ಹಿಡಿದಿದೆ. ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಇದಕ್ಕೆ ಇತಿಹಾಸ ಓದಿರಬೇಕು ಅಂತೇನಿಲ್ಲ. ಒಂದು ದಪ್ಪ ವಹಿ, ಪೆನ್ಸಿಲ್, ಕೈಯಲ್ಲಿರುವ ಫೋನು ಸಾಕು.

ಇಂಗ್ಲೆಂಡಿನ ಹೆಂಗಸರಿಂದ ಕಲಿತದ್ದು

ನನಗೆ ದಾರಿ ಸಿಕ್ಕಿದ್ದು ವಿಡಿಯೋ ಕಾಲ್‌ನಲ್ಲಿ. ಅಕ್ಕನ ಮಗಳು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದ್ದಾಳೆ. ಅಲ್ಲಿ ಊರಿನವರೇ ನಡೆಸುವ ಒಂದು ಹಾಲ್ ಇದೆ, ನಮ್ಮ ಸಮುದಾಯ ಭವನ ಅಂದುಕೊಳ್ಳಿ. ಅಲ್ಲಿಂದ ಫೋನ್ ಮಾಡಿ ಒಂದು ಹಳೇ ಪುಸ್ತಕ ತೋರಿಸಿದಳು. 1965ರಲ್ಲಿ ಅಲ್ಲಿನ ವುಮೆನ್ಸ್ ಇನ್‌ಸ್ಟಿಟ್ಯೂಟ್ ಅನ್ನುವ ಹೆಂಗಸರ ಸಂಘಕ್ಕೆ 50 ವರ್ಷ ತುಂಬಿತ್ತು. ಆ ನೆಪದಲ್ಲಿ ಹಳ್ಳಿ ಹಳ್ಳಿಯ ಹೆಂಗಸರು ತಮ್ಮೂರಿನ ಬಗ್ಗೆ ಒಂದೊಂದು ಪುಸ್ತಕವನ್ನು ಬರೆದು, ಅಂಟಿಸಿ, ಕಟ್ಟಿದರು. ಅದರಲ್ಲಿ ರಾಜ ರಾಣಿಯರ ಕಥೆ ಇಲ್ಲ. ಆ ವರ್ಷ ಅಂಗಡಿಯಲ್ಲಿ ಏನಕ್ಕೆ ಎಷ್ಟು ದರ, ಬಸ್ ಎಷ್ಟು ಹೊತ್ತಿಗೆ, ಹೆಂಗಸರು ಎಂಥ ಬಟ್ಟೆ ಹೊಲಿಸುತ್ತಿದ್ದರು, ಇಂಥವೇ. ಬಟ್ಟೆಯ ತುಂಡನ್ನೇ ಕತ್ತರಿಸಿ ಅಂಟಿಸಿದ್ದಾರೆ! ಅವರು ಬರೆದದ್ದು ಅವತ್ತಿನ ಸುದ್ದಿ. ಈಗ ಅದನ್ನು ನೋಡಲು ಜನ ಹುಡುಕಿಕೊಂಡು ಹೋಗುತ್ತಾರೆ.

ಅದೇ ಹಾಲ್‌ನ ಗೋಡೆಯ ಮೇಲೆ 1953ರ ಜೂನ್ 2ರ ಫೋಟೋ ಇತ್ತು. ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ದಿನ. ಆ ದೇಶದ ಊರೂರಲ್ಲೂ ಅವತ್ತು ಜಾತ್ರೆಯ ಹಾಗೆ ಸಂಭ್ರಮ. ಆದರೆ ದಿನವಿಡೀ ಚಳಿ, ಮಳೆ. ಬಯಲಲ್ಲಿ ಇಟ್ಟುಕೊಂಡಿದ್ದ ಮಕ್ಕಳ ಆಟ, ಊಟ ಎಲ್ಲ ಒಳಗೆ ಸೇರಿದವು. ಟಿವಿ ಇದ್ದ ಮನೆಗಳು ಕಡಿಮೆ, ಹಂಗಾಗಿ ಇದ್ದವರ ಮನೆಯಲ್ಲಿ ಓಣಿಯೇ ಕೂತಿತ್ತು. ನಮ್ಮಲ್ಲಿ ರಾಮಾಯಣ ಧಾರಾವಾಹಿಗೆ ಕೂತಂಗೆ. ನಮ್ಮ ಹುಡುಗಿ ಅಲ್ಲಿಯ ಒಬ್ಬ ಅಜ್ಜಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ಅವತ್ತು ಮಕ್ಕಳಿಗೆ ಅಷ್ಟೊಂದು ಕೇಕ್ ಮಾಡಲು ಸಕ್ಕರೆ ಎಲ್ಲಿಂದ ಬಂತು? ಯಾಕಂದರೆ ಯುದ್ಧ ಮುಗಿದು ಎಂಟು ವರ್ಷ ಆಗಿದ್ದರೂ ಅಲ್ಲಿ ಸಕ್ಕರೆ ಇನ್ನೂ ರೇಷನ್‌ನಲ್ಲಿತ್ತು. ಅಷ್ಟೇ ಸಾಕಾಯಿತು ನೋಡಿ. ರೇಷನ್ ಪುಸ್ತಕ, ಅಂಗಡಿಯ ಸಾಲು, ಯಾರು ಯಾರಿಗೆ ಕೊಟ್ಟರು, ಯಾರು ಬಚ್ಚಿಟ್ಟಿದ್ದರು ಅಂತ ಆ ಅಜ್ಜಿ ಒಂದು ತಾಸು ಮಾತಾಡಿತಂತೆ. ರಾಣಿಯ ಕಿರೀಟದ ಬಗ್ಗೆ ಒಂದು ಮಾತೂ ಇಲ್ಲ.

ಆಮೇಲೆ ನಾನು ಪ್ರಶ್ನೆ ಬದಲಿಸಿದೆ. ಹಬ್ಬದ ದಿನದ ಬಗ್ಗೆ ಕೇಳುವುದನ್ನು ಬಿಟ್ಟು ಹಬ್ಬದ ಹಿಂದಿನ ದಿನದ ಬಗ್ಗೆ ಕೇಳಲು ಶುರು ಮಾಡಿದೆ.

ರೊಟ್ಟಿ ಯಾರ ಮನೆಗೆ ಹೋಗ್ತಿತ್ತು?

ಹಬ್ಬದ ದಿನ ಎಲ್ಲರ ಮನೆಯಲ್ಲೂ ಒಂದೇ ಥರ ಇರುತ್ತದೆ. ಹಿಂದಿನ ದಿನ ಹಾಗಲ್ಲ. ಸಾಲ ತಂದವರು, ನೀರು ಹೊತ್ತವರು, ರಾತ್ರಿಯಿಡೀ ಬೀಸುವ ಕಲ್ಲಿನ ಮುಂದೆ ಕೂತವರು, ತವರಿನಿಂದ ಕರೆಯಲು ಯಾರೂ ಬರಲಿಲ್ಲ ಅಂತ ಬಾಗಿಲಲ್ಲಿ ನಿಂತವರು, ಎಲ್ಲ ಆ ದಿನದಲ್ಲಿ ಸಿಗುತ್ತಾರೆ.

ನಾಗರ ಪಂಚಮಿಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಪಂಚಮಿಗೆ ಮುಂಚೆ ರೊಟ್ಟಿ ಹಬ್ಬ ಬರುತ್ತದೆ ಅಲ್ವಾ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಟಕ ರೊಟ್ಟಿ, ಮಡಕಿಕಾಳು ಪಲ್ಯ, ಎಣಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಒಂದರ ಮೇಲೆ ಒಂದು ಇಟ್ಟು ಮನೆ ಮನೆಗೆ ಕೊಟ್ಟು ಬರುವುದು. ಇದರ ಬಗ್ಗೆ "ರೊಟ್ಟಿ ಹೆಂಗ ಮಾಡ್ತಿದ್ರಿ" ಅಂತ ಕೇಳಬೇಡಿ. "ನಿಮ್ಮ ಮನೆ ರೊಟ್ಟಿ ಯಾರ್ ಯಾರ ಮನೀಗೆ ಹೋಗ್ತಿತ್ತು, ಯಾರ ಮನೀಂದ ಬರ್ತಿತ್ತು?" ಅಂತ ಕೇಳಿ. ವಹಿಯಲ್ಲಿ ಓಣಿಯ ಚಿತ್ರ ಬರೆದುಕೊಂಡು ಮನೆಯಿಂದ ಮನೆಗೆ ಗೆರೆ ಎಳೆಯುತ್ತಾ ಹೋಗಿ. ಅರ್ಧ ತಾಸಿನಲ್ಲಿ ಊರು ಕಾಣುತ್ತದೆ. ಯಾವ ಮನೆಗೆ ಗೆರೆ ಹೋಗಲಿಲ್ಲವೋ ಅದನ್ನು ಗುರುತು ಮಾಡಿ. ಅಲ್ಲಿ ಜಗಳ ಇತ್ತೇ, ಜಾತಿ ಇತ್ತೇ, ಬರೀ ದೂರ ಇತ್ತೇ ಅನ್ನುವುದನ್ನು ಆಮೇಲೆ ಮೆಲ್ಲಗೆ ಕೇಳಬಹುದು. "ಎಲ್ಲಾರೂ ಕೂಡಿ ಇರ್ತಿದ್ವಿ" ಅಂದವರ ಚಿತ್ರದಲ್ಲೇ ಮೂರು ಮನೆಗೆ ಒಂದು ಗೆರೆಯೂ ಬಂದಿರಲಿಲ್ಲ.

ಕಾರ ಹುಣ್ಣಿಮೆಗೂ ಹಾಗೇ. ಕರಿ ಹರಿಯುವುದನ್ನು, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಎತ್ತುಗಳು ಓಡಿ ಬಂದು ಹರಿಯುವುದನ್ನು, ಎಲ್ಲರೂ ಹೇಳುತ್ತಾರೆ. ಬಿಳೀ ಎತ್ತು ಮೊದಲು ಹರಿದರೆ ಹಿಂಗಾರಿ ಚಲೋ, ಕೆಂದ ಎತ್ತು ಹರಿದರೆ ಮುಂಗಾರಿ ಚಲೋ. ನೀವು ಅದರ ಹಿಂದಿನ ದಿನಕ್ಕೆ, ಹೊನ್ನುಗ್ಗಿಗೆ, ಹೋಗಿ. ಹುಗ್ಗಿಗೆ ಗೋದಿ ಮನೆಯದೋ ತಂದದ್ದೋ? ಕೋಡಿಗೆ ಹಚ್ಚುವ ಹುರಮಂಜು ಯಾವ ಸಂತೆಯಿಂದ ಬರುತ್ತಿತ್ತು? ಎತ್ತು ಇಲ್ಲದವರ ಮನೆಯ ಹುಡುಗರು ಅವತ್ತು ಏನು ಮಾಡುತ್ತಿದ್ದರು? ಈ ಕೊನೇ ಪ್ರಶ್ನೆಗೆ ನನಗೆ ಒಬ್ಬ ಕಾಕಾ ಕೊಟ್ಟ ಉತ್ತರ: "ಗೌಡ್ರ ಎತ್ತು ತೊಳ್ಯಾಕ ಹೊಕ್ಕಿದ್ವಿ, ಹುಗ್ಗಿ ಸಿಗತಿತ್ತು." ಒಂದೇ ಸಾಲು. ಅದರಲ್ಲಿ ಆ ಕಾಲದ ಕೂಲಿ, ಹಸಿವು, ಗೌಡರ ಮನೆ ಎಲ್ಲ ಇದೆ. ಊರಲ್ಲಿ ಆಗ ಎಷ್ಟು ಜೋಡಿ ಎತ್ತು ಇದ್ದವು, ಮೊದಲ ಟ್ರ್ಯಾಕ್ಟರ್ ಯಾರ ಮನೆಗೆ ಬಂತು ಅನ್ನುವುದನ್ನೂ ಇದೇ ಹೊತ್ತಿನಲ್ಲಿ ಕೇಳಿಬಿಡಿ.

ಜಾತ್ರೆಗೆ: ಪಟ್ಟಿ, ಅಂದರೆ ಚಂದಾ, ಯಾರು ಎತ್ತಿದರು, ತೇರಿನ ಹಗ್ಗ ಯಾರು ತಂದರು, ಡೊಳ್ಳಿನವರಿಗೆ ಏನು ಕೊಟ್ಟರು, ಬೀಗರು ಬಂದಾಗ ಎಲ್ಲಿ ಮಲಗಿಸಿದರು. ಜೋಕುಮಾರನಿಗೆ: ಬುಟ್ಟಿ ಹೊತ್ತವರು ಯಾವ ಮನೆಯವರು, ಮೊರದಲ್ಲಿ ಎಷ್ಟು ಜೋಳ ಹಾಕುತ್ತಿದ್ದರು, ಈಗ ಯಾಕೆ ಬರುವುದಿಲ್ಲ. ಮೊಹರಂಗೆ: ಅಲಾಯಿ ಕುಣಿ, ಅಂದರೆ ಬೆಂಕಿಯ ಗುಂಡಿ, ತೋಡಿದವರು ಯಾರು, ಹೆಜ್ಜೆ ಹಾಕಲು ಕಲಿಸಿದವರು ಯಾರು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಕೂಡ ನಮ್ಮ ಕಡೆ ಅಲಾಯಿ ದೇವರು ಕೂರುತ್ತವೆ, ಅಲ್ಲಿ ಈ ಪ್ರಶ್ನೆಗೆ ಬರುವ ಉತ್ತರ ಬಹಳ ಚೆನ್ನಾಗಿರುತ್ತದೆ.

ದಿನದ ಬದುಕಿಗೆ ಬೇರೆ ಪ್ರಶ್ನೆ ಬೇಕಿಲ್ಲ, ಹಬ್ಬದಿಂದಲೇ ಒಳಗೆ ಇಳಿಯಬಹುದು. ಜೋಳ ಎಲ್ಲಿಂದ ತೆಗೆದ್ರಿ ಅಂದರೆ ಹಗೇವಿನ ಮಾತು ಬರುತ್ತದೆ. ನೆಲದಲ್ಲಿ ತೋಡಿದ ಕಾಳಿನ ಕುಣಿ ಅದು, ಬಾಯಿ ತೆಗೆದು ಸ್ವಲ್ಪ ಹೊತ್ತು ಬಿಟ್ಟೇ ಇಳಿಯಬೇಕು, ಒಳಗಿನ ಗಾಳಿ ಕೆಟ್ಟಿರುತ್ತದೆ. ಇದನ್ನು ಗೊತ್ತಿದ್ದವರು ಇನ್ನೂ ಊರಲ್ಲಿ ಇದ್ದಾರೆ, ಬೇಗ ಕೇಳಿ. ರಾಶಿಯ ಕಣ, ಅಲ್ಲಿ ಎತ್ತು ತಿರುಗಿಸುತ್ತಾ ಹಾಡುವ ಹಂತಿ ಹಾಡು, ಕಮ್ಮಾರ ಬಡಿಗ ಕುಂಬಾರ ಅಗಸರಿಗೆ ವರ್ಷಕ್ಕೊಮ್ಮೆ ಕಾಳಿನಲ್ಲಿ ಕೊಡುತ್ತಿದ್ದ ಆಯ, ಹೀಗೆ ಒಂದರಿಂದ ಒಂದು ಬಿಚ್ಚಿಕೊಳ್ಳುತ್ತದೆ. ಸಾಮಾನಿನ ಹೆಸರೇ ಗೊತ್ತಿಲ್ಲದ ಪ್ಯಾಟಿ ಮಂದಿ ಆಗಿದ್ದರೆ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಒಂದು ದಿನ ಹೋಗಿ ಬನ್ನಿ. ಹಳೇ ಊರಿನ ಕೆಲಸಗಳನ್ನೆಲ್ಲ ಆಳೆತ್ತರದ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಜಾನಪದ ವಿಶ್ವವಿದ್ಯಾಲಯವೂ ಅದೇ ಊರಲ್ಲಿದೆ.

ಕಟ್ಟೆಯ ಮೇಲೆ ಕೇಳಬೇಡಿ

ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತವರನ್ನು ಕೇಳುವುದು ಸುಲಭ. ಆದರೆ ಅಲ್ಲಿ ಒಬ್ಬರು ಜೋರಾಗಿ ಮಾತಾಡುತ್ತಾರೆ, ಉಳಿದವರು ಹೌದ್ ಹೌದು ಅನ್ನುತ್ತಾರೆ. ಕಟ್ಟೆಗೆ ಹೋಗಿ, ಚಹಾ ಕುಡಿಯಿರಿ, ಯಾರ ಹತ್ತಿರ ಏನಿದೆ ಅಂತ ತಿಳಿದುಕೊಳ್ಳಿ. ಕೇಳುವುದನ್ನು ಅವರವರ ಮನೆಯಲ್ಲಿ ಕೇಳಿ.

ಹೆಂಗಸರ ಹತ್ತಿರ ಹೋಗುವಾಗ ಹೊತ್ತು ನೋಡಿ. ಮುಂಜಾನೆ ಹೋದರೆ ಒಲೆಯ ಮುಂದೆ ಇರುತ್ತಾರೆ, ನಿಮಗೂ ಬೈಗುಳ. ಮಧ್ಯಾಹ್ನ ಶೇಂಗಾ ಸುಲಿಯಲು ಕೂತಾಗ, ಬೇಸಿಗೆಯಲ್ಲಿ ಶಾವಿಗೆ ಹೊಸೆಯುವಾಗ ಹೋಗಿ ನೀವೂ ಕೈ ಹಾಕಿ. ವಹಿ ತೆಗೆಯದೆ ಅರ್ಧ ತಾಸು ಸುಮ್ನೆ ಕೂತರೆ ಅವರೇ ಶುರು ಮಾಡುತ್ತಾರೆ. ಮನೆಯಲ್ಲಿ ಹಳೇ ಕೌದಿ ಇದ್ದರೆ ಹಾಸಲು ಹೇಳಿ. ನಮ್ಮ ದೊಡ್ಡವ್ವ ಒಂದು ಕೌದಿಯ ಮೇಲೆ ಬೆರಳಿಟ್ಟು ಇದು ನನ್ನ ಮದುವಿ ಕುಪ್ಪಸ, ಇದು ನಿಮ್ಮಪ್ಪನ ಅಂಗಿ, ಇದು ಸತ್ತು ಹೋದ ಕೂಸಿನ ಕುಲಾಯಿ ಅಂತ ಹೇಳುತ್ತಾ ಹೋದಳು. ಮನೆತನದ ಇಪ್ಪತ್ತು ವರ್ಷ ಆ ಕೌದಿಯಲ್ಲಿತ್ತು. ಇಂಗ್ಲೆಂಡಿನವರು ಬಟ್ಟೆ ಅಂಟಿಸಿದ್ದರು, ನಮ್ಮವರು ಹೊಲಿದಿಟ್ಟಿದ್ದಾರೆ, ನಾವು ಅದರ ಮೇಲೆ ಮಲಗಿ ಎದ್ದಿದ್ದೇವೆ.

ಇನ್ನು ಕೇರಿಯ ಮಾತು. ಜಾತ್ರೆಯಲ್ಲಿ ಹಲಗೆ ಬಾರಿಸಿದವರು, ಸತ್ತ ದನ ಎಳೆದವರು, ಯಾರಿಗೆ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲವೋ ಅವರು, ಇವರ ನೆನಪಿನಲ್ಲಿ ಊರಿನ ಹಬ್ಬ ಬೇರೆಯೇ ಇರುತ್ತದೆ. ಅವರನ್ನು ಗೌಡರ ಪಡಸಾಲೆಗೆ ಕರೆಸಿ ಕೇಳಿದರೆ ಏನೂ ಹೇಳುವುದಿಲ್ಲ, ಯಾಕೆ ಹೇಳಬೇಕು? ನೀವೇ ಅವರ ಮನೆಗೆ ಹೋಗಿ, ಕೊಟ್ಟ ನೀರು ಕುಡಿಯಿರಿ, ಕೂರಿ. ಅವರು ಹೇಳಿದ್ದನ್ನು "ಆಗ ಹಾಗಿತ್ತು ಬಿಡ್ರಿ" ಅಂತ ತೇಲಿಸಬೇಡಿ. ಬರೆಯಿರಿ. ದ್ಯಾಮವ್ವನ ಜಾತ್ರೆಯ ಕೋಣದ ಮಾತು ಕೇಳುವಾಗಲೂ ಜನ ಹಿಂಜರಿಯುತ್ತಾರೆ, ಪ್ರಾಣಿಬಲಿ ತಡೆಯುವ ಕಾನೂನು 1959ರಿಂದಲೇ ಇದೆ. ಒತ್ತಾಯ ಮಾಡಬೇಡಿ. ಯಾರ ಹೆಸರು ಹಾಕಬೇಕು, ಯಾರದು ಬೇಡ ಅಂತ ಪ್ರತಿಯೊಬ್ಬರನ್ನೂ ಕೇಳಿಯೇ ಬರೆಯಿರಿ. ಹೊಲದ ತಂಟೆ ನಡೆದಿದ್ದರೆ ಆ ಕಥೆಯನ್ನು ದೂರ ಇಡಿ. ನಾಳೆ ನಿಮ್ಮ ವಹಿಯನ್ನೇ ಕೋರ್ಟಿಗೆ ಹಿಡಿದುಕೊಂಡು ಹೋಗುತ್ತಾರೆ.

ವರ್ಷ ಹಿಡಿಯುವುದು

"ಯಾವ ವರ್ಷ ಅಜ್ಜಾ?" ಅಂದರೆ "ನಾ ಸಣ್ಣಾವಿದ್ದೆ" ಅನ್ನುತ್ತಾರೆ. ವಯಸ್ಸು ಕೇಳಿದರೂ ಪ್ರಯೋಜನ ಇಲ್ಲ. ಶಾಲೆಯ ದಾಖಲೆ ನೋಡಿದರೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ! ಮಾಸ್ತರರು ಬರೆದದ್ದು ಅದು. ಹಂಗಾಗಿ ಎಲ್ಲರಿಗೂ ನೆನಪಿರುವ ಘಟನೆಗಳನ್ನು ಗೂಟದ ಹಾಗೆ ನೆಟ್ಟುಕೊಳ್ಳಿ, ಅದಕ್ಕಿಂತ ಮುಂಚೆಯೋ ಆಮೇಲೋ ಅಂತ ಕೇಳಿ.

ನಮ್ಮ ಭಾಗಕ್ಕೆ ಬಹಳ ಚಲೋ ಗೂಟ ಅಂದರೆ 1980ರ ಫೆಬ್ರವರಿ 16ರ ಸೂರ್ಯಗ್ರಹಣ. ಶಿವರಾತ್ರಿ ಅಮಾವಾಸ್ಯೆ, ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹುಬ್ಬಳ್ಳಿ, ಗದಗ ಕಡೆ ಹಗಲೇ ಕತ್ತಲಾಯಿತು. ಬಾಗಿಲು ಕಿಟಕಿ ಮುಚ್ಚಿಕೊಂಡು ಒಳಗೆ ಕೂತದ್ದನ್ನು ಆಗ ಐದು ವರ್ಷದವರಾಗಿದ್ದವರೂ ಹೇಳುತ್ತಾರೆ. ಅದೇ ವರ್ಷ ಜುಲೈನಲ್ಲಿ ನರಗುಂದ, ನವಲಗುಂದದ ರೈತರ ಬಂಡಾಯ. ಅದಕ್ಕಿಂತ ಹಿಂದೆ 1972ರ ಬರ, ಆಗ ರಸ್ತೆಯ ಕೆಲಸಕ್ಕೆ ಹೋಗಿದ್ದವರು ಇನ್ನೂ ಇದ್ದಾರೆ. 1956ರ ನವೆಂಬರ್ 1, ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ್ದು. ರೊಕ್ಕದ ಮಾತಿಗೆ 1957ರ ಏಪ್ರಿಲ್ 1 ಗುರುತಿಟ್ಟುಕೊಳ್ಳಿ, ಅವತ್ತಿನಿಂದ ನಯಾಪೈಸೆ ಬಂತು. ಅದಕ್ಕೂ ಮುಂಚೆ ರೂಪಾಯಿಗೆ 16 ಆಣೆ, ಚವಲಿ ಅಂದರೆ ಎರಡಾಣೆ, ಪಾವಲಿ ಅಂದರೆ ನಾಲ್ಕಾಣೆ. ಆದರೆ ಜನ ಆಮೇಲೂ ಎಷ್ಟೋ ವರ್ಷ ಆಣೆಯಲ್ಲೇ ಮಾತಾಡಿದರು, ಹಂಗಾಗಿ ಇದೊಂದನ್ನೇ ನಂಬಬೇಡಿ.

ಹಳೇ ಕಾಗದದಲ್ಲಿ ಸಂವತ್ಸರ ಬರೆದಿರುತ್ತದೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ದೊಡ್ಡ ಬರ ಬಿದ್ದ ಧಾತು ಸಂವತ್ಸರ 1876ರದು, ಆದರೆ 1936ರಲ್ಲೂ ಧಾತುವೇ. ನಾನು ಒಮ್ಮೆ ಒಂದು ಮನೆಯ ವಯಸ್ಸನ್ನು ಇದರಿಂದಲೇ ಅರವತ್ತು ವರ್ಷ ಹೆಚ್ಚು ಮಾಡಿದ್ದೆ. ಆ ಮನೆಯವರಿಗೆ ಖುಷಿಯೋ ಖುಷಿ, ತಪ್ಪು ಅಂತ ಹೇಳಲು ಹೋದಾಗ ಚಹಾ ಕೂಡ ಕೊಡಲಿಲ್ಲ.

ಕಾಗದ, ಫೋಟೋ, ಫೋನು

ಕಾಗದಗಳಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು ಜಾತ್ರೆಯ ಪಟ್ಟಿ ಪುಸ್ತಕ. ಯಾರು ಎಷ್ಟು ರೊಕ್ಕ, ಎಷ್ಟು ಸೇರು ಜೋಳ, ಬೆಲ್ಲ ಕೊಟ್ಟರು ಅಂತ ಸಾಲಾಗಿ ಬರೆದಿರುತ್ತದೆ. ಮದುವೆಯ ಮುಯ್ಯಿ ಬರೆದ ವಹಿಯೂ ಹಾಗೇ. ಊರಿನ ಗುಡಿಯ ಪೂಜಾರಿ, ಹಳೇ ಕಿರಾಣಿ ಅಂಗಡಿ, ಭಜನಿ ಸಂಘ ಇಲ್ಲೆಲ್ಲ ಕೇಳಿ. ಶಾಲೆಯ ಹಳೇ ದಾಖಲಾತಿ ಪುಸ್ತಕವನ್ನು ಹೆಡ್ ಮಾಸ್ತರರ ಒಪ್ಪಿಗೆ ತೆಗೆದುಕೊಂಡು ಅಲ್ಲೇ ಕೂತು ನೋಡಿ. ಯಾವ ವರ್ಷದಿಂದ ಹೆಣ್ಣುಮಕ್ಕಳ ಹೆಸರು ಶುರುವಾಗುತ್ತದೆ ಅಂತ ನೋಡುವುದನ್ನು ಮರೆಯಬೇಡಿ.

ಛಾಪಿಸಿದ್ದು ಬೇಕು ಅಂದರೆ 1884ರ ಮುಂಬೈ ಪ್ರಾಂತದ ಗೆಜೆಟಿಯರ್, ಅಂದರೆ ಜಿಲ್ಲೆಗಳ ವಿವರ ಬರೆದ ಸರಕಾರಿ ಪುಸ್ತಕ, ಅದರ 22ನೇ ಸಂಪುಟ ಪೂರ್ತಿ ಧಾರವಾಡ ಜಿಲ್ಲೆಯದು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಇಂಗ್ಲಿಷಿನಲ್ಲಿದೆ. ಗದಗ, ಹಾವೇರಿ ಆಗ ಧಾರವಾಡದೊಳಗೇ ಇದ್ದವು, ಬೇರೆಯಾದದ್ದು 1997ರಲ್ಲಿ. ಆದರೆ ಎಲ್ಲ ಊರೂ ಬ್ರಿಟಿಷರ ಕೈಯಲ್ಲಿ ಇರಲಿಲ್ಲ ಅನ್ನುವುದು ನೆನಪಿರಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಸವಣೂರಿಗೆ ನವಾಬರು. ನಿಮ್ಮೂರು ಅಂಥ ಕಡೆಯದಾದರೆ ಹಳೇ ಕಡತ ಮರಾಠಿಯಲ್ಲಿ, ಮೋಡಿ ಅನ್ನುವ ಹಳೇ ಲಿಪಿಯಲ್ಲಿ ಸಿಗಬಹುದು. ಓದಲು ಬರದಿದ್ದರೂ ಫೋಟೋ ತೆಗೆದಿಡಿ. ಗುಡಿಯ ಮುಂದಿನ ಶಾಸನದ ಕಲ್ಲಿಗೆ ಮಾತ್ರ ಎಣ್ಣೆ, ಸುಣ್ಣ, ಚಾಕ್‌ಪೀಸು ಏನೂ ಹಚ್ಚಬೇಡಿ.

ಹಳೇ ಫೋಟೋ ಮನೆಗೆ ಒಯ್ಯಬೇಡಿ. ಅಂಗಳಕ್ಕೆ ತಂದು, ನೆರಳಲ್ಲಿ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ತೆಗೆದು ಅಲ್ಲೇ ವಾಪಸ್ ಕೊಡಿ. ಹಿಂಬದಿಯದೂ ತೆಗೆಯಿರಿ, ಸ್ಟುಡಿಯೋದ ಹೆಸರು, ತಾರೀಖು ಅಲ್ಲೇ ಇರುತ್ತದೆ. ಫೋಟೋದಲ್ಲಿ ಎಡದಿಂದ ಬಲಕ್ಕೆ ಯಾರು ಯಾರು ಅಂತ ಆಗಲೇ ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯೋಣ ಅಂದರೆ ಹೋಯಿತು.

ಮಾತು ರೆಕಾರ್ಡ್ ಮಾಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ. ಫ್ಯಾನ್ ಬಂದ್ ಮಾಡಿಸಿ. ಕೆಳಗೆ ಟವಲ್ ಮಡಿಸಿ ಅದರ ಮೇಲೆ ಫೋನ್ ಇಡಿ. ಜಾಗ ಖಾಲಿ ಇದೆಯಾ ನೋಡಿ! ದೊಡ್ಡವ್ವ ಬೀಸುವ ಕಲ್ಲಿನ ಪದ ಹಾಡಿದ ಎರಡು ತಾಸು ನನ್ನ ಹತ್ತಿರ ಇಲ್ಲ. ಮದುವೆ ವಿಡಿಯೋಗಳಿಂದ ಫೋನು ತುಂಬಿತ್ತು, ಹನ್ನೆರಡನೇ ನಿಮಿಷಕ್ಕೆ ನಿಂತಿತ್ತು, ನಾನು ತಲೆ ಆಡಿಸುತ್ತಾ ಕೇಳುತ್ತಲೇ ಇದ್ದೆ. ಮತ್ತೆ ಹಾಡವ್ವ ಅನ್ನಲು ಅವಳಿಲ್ಲ. ಅವತ್ತಿನಿಂದ ಫೋನು ನಡೆಯುತ್ತಿದ್ದರೂ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಅದೇ ರಾತ್ರಿ ಎರಡು ಕಡೆ ಕಾಪಿ ಮಾಡುತ್ತೇನೆ, ಫೈಲಿಗೆ ತಾರೀಖು, ಊರು, ಮಾತಾಡಿದವರ ಹೆಸರು ಹಾಕುತ್ತೇನೆ.

ಈ ವರ್ಷದ್ದನ್ನೂ ಬರೆಯಿರಿ. ಈ ಸಲದ ಜಾತ್ರೆಯ ಕರಪತ್ರ, ಡಿಜೆಗೆ ಕೊಟ್ಟ ರೊಕ್ಕ, ಮಂಡಾಳ ಮಿರ್ಚಿ ಪ್ಲೇಟಿಗೆ ಎಷ್ಟು, ಯಾರ ಮಕ್ಕಳು ಬೆಂಗಳೂರಿನಿಂದ ಬಂದರು, ಯಾರು ಬರಲಿಲ್ಲ. ಬಸ್ ಟಿಕೆಟ್ ಕೂಡ ಅಂಟಿಸಿ. ಆದರೆ ಟಿಕೆಟ್‌ನ ಅಕ್ಷರ ಬೇಗ ಅಳಿಸುತ್ತವೆ, ಪಕ್ಕದಲ್ಲಿ ದರ ಕೈಯಲ್ಲಿ ಬರೆದಿಡಿ.

ಪುಸ್ತಕ ಮಾಡುವುದು ದೊಡ್ಡ ವಿಷಯ ಅಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ತೆಗೆಸಿ ಸ್ಪೈರಲ್ ಹಾಕಿಸಿದರೆ ಆಯಿತು. ಒಂದು ಶಾಲೆಗೆ, ಒಂದು ಪಂಚಾಯ್ತಿಯ ಗ್ರಂಥಾಲಯಕ್ಕೆ, ಒಂದು ನಿಮಗೆ. ಎಡಗಡೆ ಪುಟದಲ್ಲಿ ಮಾತ್ರ ಬರೆದು ಬಲಗಡೆ ಖಾಲಿ ಬಿಡಿ. ತಪ್ಪಿದ್ದರೆ ಅಲ್ಲಿ ಬರೆಯಿರಿ ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ, ದಾರದಿಂದ ಪೆನ್ನು ಕಟ್ಟಿ. ನಮ್ಮೂರ ಗ್ರಂಥಾಲಯದ ಪ್ರತಿಯಲ್ಲಿ ರೊಟ್ಟಿಯ ಚಿತ್ರದ ಎದುರು ಪುಟದಲ್ಲಿ ಯಾರೋ ಬರೆದಿದ್ದಾರೆ: "ನಮ್ಮ ಮನೀಗೂ ಬರ್ತಿತ್ತು, ರಾತ್ರಿ ಹಿತ್ತಲ ಬಾಗಿಲಿಂದ." ಕೆಳಗೆ ಹೆಸರಿಲ್ಲ. ನಾನು ಆ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಎಳೆದಿದ್ದೇನೆ. ಪೆನ್ನು ಎರಡು ಸಲ ಕಳುವಾಯಿತು, ಈಗ ಪೆನ್ಸಿಲ್ ಕಟ್ಟಿದ್ದೇವೆ.